‘ಆಣೆ ಮಾಡು’, ‘ಆಣೆ ಇಡು’: ಎರಡೂ ಒಂದೇನಾ?

ಚುನಾವಣೆ ಬಂತು ಅಂದರೆ ‘ಆಣೆ’ ಅನ್ನೋ ಮಾತು ಜಾಸ್ತಿ ಕಿವಿಗೆ ಬೀಳುತ್ತದೆ. ‘ಆಣೆ ಮಾಡು’, ‘ಆಣೆ ಇಡು’ ಎರಡನ್ನೂ ಸುಮ್ನೆ ಒಂದರ ಬದಲು ಇನ್ನೊಂದು ಬಳಸುವವರಿದ್ದಾರೆ. ನಮ್ಮ ಹಾಸನದ ಕಡೆ ಮಾತಿನಲ್ಲಿ ಅವು ಒಂದಲ್ಲ.

ಅಭ್ಯರ್ಥಿ ವೇದಿಕೆ ಹತ್ತಿ ‘ಹಾಸನಾಂಬೆ ಆಣೆ, ಒಂದು ರೂಪಾಯಿ ಮುಟ್ಟಿಲ್ಲ’ ಅಂದರೆ ಅದು ಆಣೆ ಮಾಡುವುದು. ಸುಳ್ಳಾದರೆ ಕೇಡು ಅವನಿಗೇ. ಅವನ ಕಡೆಯವರು ರಾತ್ರಿ ಮನೆಗೆ ಬಂದು, ದುಡ್ಡು ಕೈಗಿಟ್ಟು, ದೇವರ ಫೋಟೋ ಮುಟ್ಟಿಸಿ ‘ನಮಗೇ ವೋಟು ಅಂತ ಹೇಳಿ’ ಅಂದರೆ ಅದು ಆಣೆ ಇಡುವುದು. ಇಲ್ಲಿ ಕೇಡು ವೋಟು ಹಾಕುವವರ ತಲೆ ಮೇಲೆ. ಮೊದಲನೆಯವನು ತನ್ನ ಮಾತಿಗೆ ತಾನೇ ಹೊಣೆ ಹೊರುತ್ತಾನೆ. ಎರಡನೆಯದು ಬೆದರಿಕೆ, ಬೇರೇನೂ ಅಲ್ಲ. ಇವೆರಡನ್ನೂ ಒಂದೇ ಪದದಲ್ಲಿ ಮುಚ್ಚಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ಕಾನೂನಿಗೂ ಈ ವ್ಯತ್ಯಾಸ ಗೊತ್ತು. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಂ ಪ್ರಕಾರ, ದೇವರ ಕೋಪಕ್ಕೆ ಗುರಿಯಾಗ್ತೀಯ ಅಂತ ಮತದಾರರನ್ನು ನಂಬಿಸಲು ಹೋಗುವುದೂ ಚುನಾವಣಾ ಅಕ್ರಮವೇ.

‘ಆಣೆ’ ಬಂದದ್ದು ‘ಆಜ್ಞಾ’ದಿಂದ. ಹಳಗನ್ನಡದಲ್ಲಿ ಅಪ್ಪಣೆ ಅನ್ನುವ ಅರ್ಥವೂ ಇದೆ, ‘ಆಣತಿ’ಯಲ್ಲಿ ಅದು ಇವತ್ತಿಗೂ ಉಳಿದಿದೆ. ‘ಇಡು’ ಜೊತೆ ಸೇರಿದಾಗ ಕೇಳುವ ಜೋರು ಆ ಹಳೇ ಅಪ್ಪಣೆಯದೇ ಇರಬೇಕು ಅಂತ ನನ್ನ ಊಹೆ.

ಇನ್ನೊಂದು ಬಗೆಯೂ ಇದೆ. ‘ಧರ್ಮಸ್ಥಳಕ್ಕೆ ಬಾ, ಇಬ್ಬರೂ ಆಣೆ ಮಾಡೋಣ’ ಅನ್ನುವ ಸವಾಲು. ಕಾಸು ಬಿಡದ ತಿಮ್ಮಪ್ಪ, ಮಾತು ಬಿಡದ ಮಂಜುನಾಥ ಅಂತಾರಲ್ವಾ, ಅದಕ್ಕೇ ಅಲ್ಲಿಗೇ ಕರೆಯುತ್ತಾರೆ. 2011ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಮತ್ತು ಕುಮಾರಸ್ವಾಮಿ ಇಬ್ಬರೂ ಅಲ್ಲಿಗೆ ಹೋದರು, ಆಣೆ ಮಾಡದೆ ವಾಪಸ್ ಬಂದರು. ‘ಆಣೆ ಪ್ರಮಾಣ’ ಅನ್ನುವ ಜೋಡಿಪದ ಆಗ ಎಲ್ಲರ ಬಾಯಲ್ಲೂ ಇತ್ತು. ಆದರೆ ‘ಪ್ರಮಾಣ’ಕ್ಕೆ ಪುರಾವೆ ಅನ್ನುವ ಅರ್ಥವೂ ಇದೆ. ಎದುರಾಳಿ ಪುರಾವೆ ಕೇಳಿದಾಗ ಆಣೆ ಕೊಡುವುದು ಉತ್ತರ ಆಗುತ್ತದಾ? ನನ್ನ ಪ್ರಕಾರ ಇಲ್ಲ. ಕೇಳಿದವರ ಮನಸ್ಸು ಕರಗಬಹುದು, ಲೆಕ್ಕ ಮಾತ್ರ ಬಾಕಿಯೇ.

ಈ ಸವಾಲಿಗೆ ‘ಆಣೆಗೆ ಕರೆಯುವುದು’ ಅನ್ನುವ ಮಾತು ಕೇಳಿದ್ದೇನೆ. ಮೂಡಿಗೆರೆ, ಕೊಪ್ಪದ ಕಡೆಯವರು ಹಾಗೇ ಅಂತೀರಾ? ಕಡೂರು, ತರೀಕೆರೆ ಕಡೆ ‘ಆಣೆ ಹಾಕು’ ಅಂದರೆ ತಾನೇ ಮಾಡುವುದಾ, ಇನ್ನೊಬ್ಬರ ಮೇಲೆ ಇಡುವುದಾ? ಮನೆಯಲ್ಲಿ ಹಿರಿಯರಿದ್ದರೆ ಕೇಳಿ, ಅವರು ಆಡಿದ ವಾಕ್ಯವನ್ನು ಹಾಗೇ ಬರೆದು ತಿಳಿಸಿ.