ರಾತ್ರಿ ಒಂದೂವರೆಗೆ ಡ್ಯೂಟಿ ಮುಗಿಯುವವನಿಗೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗ್ ಸಿಗುತ್ತದೆಯೇ?

ಬೈಂದೂರಿನವ, ಕಾಂದಿವಲಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೊಂದು ಪರ್ಮಿಟ್ ರೂಮಿನಲ್ಲಿ, ಅಂದರೆ ಬಾರಿನಲ್ಲಿ, ಕ್ಯಾಪ್ಟನ್. ಮುಂಬಯಿಗೆ ಬಂದು 19 ವರ್ಷ ಆಯಿತು. ಮೊದಮೊದಲು ಶಟರ್ ಎಳೆದ ಮೇಲೆ ಹುಡುಗರ ಜೊತೆ ಒಂದು ಕ್ವಾರ್ಟರ್, ಅಷ್ಟೇ. ಈಗ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತದೆ. ಒಂದು ನೈಂಟಿ ಒಳಗೆ ಹೋಗದೆ ಅಂಗಿಯ ಗುಂಡಿ ಹಾಕಲಿಕ್ಕೆ ಆಗುವುದಿಲ್ಲ. ಕಳೆದ ಶನಿವಾರ ಗಿರಾಕಿಯ ಎದುರೇ ಪೆಗ್ ಅಳೆಯುವಾಗ ಅರ್ಧ ಮೇಜಿಗೆ ಚೆಲ್ಲಿತು. ಅವರು ಬೈಯಲಿಲ್ಲ, ಟಿಶ್ಯೂ ತೆಗೆದು ತಾವೇ ಒರೆಸಿದರು. ಅದು ತಲೆಯಿಂದ ಹೋಗುತ್ತಿಲ್ಲ.

ಹೆಂಡತಿ, ಮಗಳು ಊರಲ್ಲಿ. ಫೋನಲ್ಲಿ ನನ್ನ ದನಿ ಕೇಳಿದ್ದೇ ಮಗಳು "ಅಪ್ಪಯ್ಯ, ನಾಳೆ ಮಾತಾಡ್ತೆ" ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತಾಳೆ.

ಮೀಟಿಂಗ್ ಎಲ್ಲ ಸಂಜೆ ಎನ್ನುತ್ತಾರೆ, ನನಗೆ ಸಂಜೆ ಡ್ಯೂಟಿ. ಹಗಲು ಇದೆಯಾ? ಹೆಸರು, ವಿಳಾಸ ಬರೆದುಕೊಳ್ಳುತ್ತಾರಾ? ನಮ್ಮ ಕಡೆಯವರು ಯಾರಾದರೂ ನೋಡಿದರೆ ಊರಿನವರೆಗೂ ಸುದ್ದಿ ಹೋಗುತ್ತದೆ. ಹಿಂದಿ ಆರ್ಡರ್ ತೆಗೆದುಕೊಳ್ಳುವಷ್ಟು ಬರುತ್ತದೆ, ಮನಸ್ಸಿನಲ್ಲಿದ್ದದ್ದು ಹೇಳುವಷ್ಟು ಇಲ್ಲ.

ಠಾಣೆಯ ಸಿಸ್ಟರ್

ಮೀಟಿಂಗಿಗೂ ಮೊದಲು ಡಾಕ್ಟರ್ ಹತ್ತಿರ ಹೋಗಿ. ಬೆಳಿಗ್ಗೆ ಕೈ ನಡುಗುವ ಹಂತಕ್ಕೆ ಬಂದವರು ಒಬ್ಬರೇ ರೂಮಿನಲ್ಲಿ ಮಲಗಿ ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ತಾನೆಲ್ಲಿದ್ದೇನೆ ಎನ್ನುವುದೇ ತಿಳಿಯುವುದಿಲ್ಲ. ಜೀವಕ್ಕೇ ಅಪಾಯ. ದೊಡ್ಡ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಎಷ್ಟು ಕುಡಿಯುತ್ತೀರಿ ಎಂಬುದನ್ನು ಕಡಿಮೆ ಮಾಡದೆ ಹೇಳಿ. ನಡುಕಕ್ಕೆ ಮಾತ್ರೆ, ಬಿ1 ವಿಟಮಿನ್ ಕೊಟ್ಟು ಆ ದಿನಗಳನ್ನು ದಾಟಿಸುತ್ತಾರೆ. ಕನ್ನಡದಲ್ಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ದುಡ್ಡು ಬೇಡ.

ಇನ್ನೊಂದು. ಚಹಾದಲ್ಲಿ ಗೊತ್ತಾಗದ ಹಾಗೆ ಬೆರೆಸುವ ಮಾತ್ರೆ ಇದೆ ಎಂದು ಮನೆಯವರಿಗೆ ಯಾರಾದರೂ ಹೇಳಿದರೆ ಖಂಡಿತ ಬೇಡ. ಡೈಸಲ್ಫಿರಾಮ್ ಎಂಬ ಆ ಮಾತ್ರೆ ಹೊಟ್ಟೆಯಲ್ಲಿರುವಾಗ ತಿಳಿಯದೆ ಕುಡಿದು ಬಿಪಿ ಕುಸಿದು ಬಂದವರನ್ನು ನಾನೇ ನೋಡಿದ್ದೇನೆ.

ವಸಾಯಿಯ ಅಣ್ಣ

ತಮ್ಮಾ, ಸಿಸ್ಟರ್ ಹೇಳಿದ್ದು ಮೊದಲು ಮಾಡು. ನಾನೂ ಹೋಟೆಲಿನವನೇ. ಬಿಟ್ಟು 11 ವರ್ಷ.

ನನ್ನ ಮೊದಲ ಮೀಟಿಂಗ್ ಒಂದು ಮುನ್ಸಿಪಲ್ ಶಾಲೆಯ ಕ್ಲಾಸ್‌ರೂಮಿನಲ್ಲಿ. ಸಣ್ಣ ಮಕ್ಕಳ ಬೆಂಚು, ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತು. ಗೋಡೆಯಲ್ಲಿ ಮರಾಠಿ ಮಗ್ಗಿ. ನಾನು ಬಾಗಿಲ ಪಕ್ಕ, ಓಡಿಹೋಗಲು ಸುಲಭವಾಗಲಿ ಎಂದು ಕೂತಿದ್ದೆ. ಒಬ್ಬರು ಚಹಾ ತಂದರು. ಕಪ್ ತುಂಬಿರಲಿಲ್ಲ, ಅರ್ಧಕ್ಕಿಂತ ಕಡಿಮೆ. ನನ್ನ ಕೈ ನೋಡಿಯೇ ಹಾಗೆ ತಂದಿದ್ದರು. ಚೆಲ್ಲದೆ ಕುಡಿದೆ. ಅವತ್ತು ಯಾರು ಏನು ಮಾತಾಡಿದರೋ ನೆನಪಿಲ್ಲ, ಆ ಕಪ್ ನೆನಪಿದೆ.

ಪೂರ್ತಿ ಹೆಸರು, ವಿಳಾಸ ಯಾರೂ ಕೇಳುವುದಿಲ್ಲ. ಫೀಸಿಲ್ಲ, ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಬರುತ್ತದೆ, ಇದ್ದರೆ ಹಾಕು, ಇಲ್ಲದಿದ್ದರೆ ಮುಂದಕ್ಕೆ ಕೊಡು. ಕುಡಿತ ಬಿಡಬೇಕೆಂಬ ಮನಸ್ಸಿದ್ದರೆ ಸಾಕು. 'ಕ್ಲೋಸ್ಡ್' ಮೀಟಿಂಗಿಗೆ ಕುಡಿತದ ತೊಂದರೆ ಇದ್ದವರು ಮಾತ್ರ ಬರಬಹುದು, 'ಓಪನ್' ಆದರೆ ಯಾರೂ. ನಮ್ಮ ಕಡೆಯವರು ಕಂಡರೆ ಎಂದೆಯಲ್ಲ, ಕ್ಲೋಸ್ಡ್ ಮೀಟಿಂಗಿನಲ್ಲಿ ಕಂಡರೆ ಅವರೂ ಅದಕ್ಕೇ ಬಂದವರು, ಮಾರಾಯ.

ಭಾಷೆಯ ಚಿಂತೆ ನನಗೂ ಇತ್ತು. ಮೂರು ವಾರ ಬಾಯಿ ಬಿಡಲಿಲ್ಲ. ನಾಲ್ಕನೆಯದರಲ್ಲಿ "ನಿನ್ನ ಭಾಷೆಯಲ್ಲೇ ಹೇಳು" ಎಂದರು. ಕನ್ನಡದಲ್ಲಿ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಪಕ್ಕದ ಗುಜರಾತಿಯವರು ಹೆಗಲ ಮೇಲಿಟ್ಟ ಕೈ ಮುಗಿಯುವವರೆಗೂ ತೆಗೆಯಲಿಲ್ಲ. 1935ರಲ್ಲಿ ಅಮೆರಿಕದ ಆ್ಯಕ್ರನ್ ಊರಿನಲ್ಲಿ ಇದು ಶುರುವಾದದ್ದೂ ಹೀಗೇ, ಬಿಲ್ ಎಂಬ ಕುಡುಕ, ಡಾಕ್ಟರ್ ಬಾಬ್ ಎಂಬ ಇನ್ನೊಬ್ಬ ಕುಡುಕನ ಎದುರು ಕೂತು ತನ್ನ ಕತೆ ಹೇಳಿಕೊಂಡದ್ದರಿಂದ.

ಭಾನುವಾರ ಬೆಳಿಗ್ಗೆ ನಡೆಯುವ ಗುಂಪುಗಳಿವೆ, ಫೋನಿನಲ್ಲೇ ಸೇರುವ ಆನ್‌ಲೈನ್ ಮೀಟಿಂಗೂ ಇವೆ. ಎಎ ಇಂಡಿಯಾದ ವೆಬ್‌ಸೈಟ್ ನೋಡು, ಹೋಗುವ ಮೊದಲು ಫೋನ್ ಮಾಡು, ಜಾಗ ಬದಲಾಗುವುದುಂಟು. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗು. ಒಂದೇ ಸಲ ಹೋಗಿ ಬಿಡಬೇಡ.

ಕೆಲಸದ ವಿಷಯ ಕಠಿಣ. ನಾನು ಮಾಲೀಕರಿಗೆ ನಿಜ ಹೇಳಿ ಕೌಂಟರ್ ಬಿಟ್ಟು ಸ್ಟೋರಿಗೆ ಹೋದೆ. ಟಿಪ್ಸ್ ಹೋಯಿತು. ಆದರೆ ದಿನವಿಡೀ ಬಾಟಲಿ ಮುಟ್ಟುತ್ತಾ ಬಿಡಲು ನನ್ನಿಂದಂತೂ ಆಗುತ್ತಿರಲಿಲ್ಲ.

ಪುಣೆ ಅಕ್ಕ

ನಿಮ್ಮ ಹೆಂಡತಿಗೂ ಹೇಳಿ, ಮನೆಯವರಿಗೆಂದೇ ಅಲ್-ಅನಾನ್ ಇದೆ. 1951ರಲ್ಲಿ ಅದನ್ನು ಕಟ್ಟಿದವರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಒಬ್ಬರು. ನಮ್ಮ ಯಜಮಾನರು ಇಲ್ಲಿ ಯೆರವಡಾದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರದಲ್ಲಿದ್ದರು, ಅನಿತಾ ಮತ್ತು ಅನಿಲ್ ಅವಚಟ್ ದಂಪತಿ 1986ರಲ್ಲಿ ಶುರು ಮಾಡಿದ್ದು. ಯಜಮಾನರು ಕುಡಿತ ಬಿಟ್ಟ ಮೇಲೂ ಎಷ್ಟೋ ತಿಂಗಳು ನಾನು ಅವರ ಬಾಯಿ ಮೂಸಿ ನೋಡುತ್ತಿದ್ದೆ. ಆ ಅಭ್ಯಾಸ ಬಿಡಲು ನನಗೂ ಮೀಟಿಂಗ್ ಬೇಕಾಯಿತು.

ಬೈಂದೂರಿನವ, ಕಾಂದಿವಲಿ

ಐದು ದಿನ ಆಸ್ಪತ್ರೆಯಲ್ಲಿದ್ದು ಬಂದೆ. ಸಿಸ್ಟರ್, ನಿಮ್ಮ ಉಪಕಾರ ಮರೆಯುವುದಿಲ್ಲ. ನಿನ್ನೆ ಭಾನುವಾರದ ಮೀಟಿಂಗಿಗೆ ಗೇಟಿನವರೆಗೆ ಹೋಗಿ ವಾಪಸ್ ಬಂದೆ. ಒಳಗೆ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು, ಕಾಲು ಮುಂದೆ ಹೋಗಲಿಲ್ಲ. ಕುಡಿಯಲಿಲ್ಲ, ರೂಮಿಗೆ ಬಂದು ಮಲಗಿದೆ.

ಅಣ್ಣ, ಬರುವ ಭಾನುವಾರ ಬೋರಿವಲಿಗೆ ಬರಲು ಆಗುತ್ತದೆಯೇ? ಹತ್ತು ಗಂಟೆಗೆ ಸ್ಟೇಷನ್ ಹೊರಗೆ, ಪಶ್ಚಿಮದ ಬದಿ ನಿಂತಿರುತ್ತೇನೆ. ನೀಲಿ ಅಂಗಿ.

ವಸಾಯಿಯ ಅಣ್ಣ

ಒಂಬತ್ತೂವರೆಗೇ ಬರುತ್ತೇನೆ. ತಿಂಡಿ ತಿನ್ನದೆ ಬಾ, ಒಟ್ಟಿಗೆ ತಿನ್ನುವ.