ಹಳೇ ಜೋಡಿನಳಿಗೆ ರೈಫಲ್‌ಗೆ ಯಾವ ತೋಟಾ?

ಪ್ರಶ್ನೆ: ಸರ್, ನಮ್ಮ ತಾತನ ಜೋಡಿನಳಿಗೆ ರೈಫಲ್ ಈಗ ನನ್ನ ಹೆಸರಿಗೆ ಬಂದಿದೆ. ಹೊರಗುದುರೆಯ (ಹ್ಯಾಮರ್ ಹೊರಗೆ ಕಾಣುವ) ಇಂಗ್ಲಿಷ್ ಕೋವಿ, ನಳಿಗೆ ಮೇಲೆ ‘450 ಎಕ್ಸ್‌ಪ್ರೆಸ್’ ಅಂತ ಕೆತ್ತಿದೆ. 450 ನೈಟ್ರೋ ಎಕ್ಸ್‌ಪ್ರೆಸ್‌ನ ಖಾಲಿ ಕೇಸು ಹಾಕಿದರೆ ಸಲೀಸಾಗಿ ಕೂರುತ್ತದೆ. ಆ ತೋಟಾ ಹೊಡೆಯಬಹುದಾ?

ಉತ್ತರ: ದಯವಿಟ್ಟು ಬೇಡ. ಸಲೀಸಾಗಿ ಕೂರುವುದೇ ಇಲ್ಲಿನ ಅಪಾಯ. 1898ರಲ್ಲಿ ಕೋವಿ ತಯಾರಕ ಜಾನ್ ರಿಗ್ಬಿಯವರು 450 ನೈಟ್ರೋ ತಂದಾಗ ಕರಿಮದ್ದಿನ (ಹೊಗೆ ಬರುವ ಹಳೇ ಮದ್ದು) ಕಾಲದ ಮೂರೂಕಾಲು ಇಂಚಿನ ಕೇಸಿನ ಹೊರ ಅಳತೆಯನ್ನೇ ಉಳಿಸಿಕೊಂಡರು. ಹಳೆಯದರಲ್ಲಿ ಸುಮಾರು 120 ಗ್ರೇನ್ (ತೂಕದ ಚಿಕ್ಕ ಅಳತೆ) ಕರಿಮದ್ದು, ಮುನ್ನೂರು ಗ್ರೇನ್ ಆಸುಪಾಸಿನ ಗುಂಡು. ನೈಟ್ರೋದಲ್ಲಿ 70 ಗ್ರೇನ್ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು, 480 ಗ್ರೇನ್ ಗುಂಡು. ಅದರ ಹೆಚ್ಚಿನ ಒತ್ತಡ ತಡೆಯಲು ನಿಮ್ಮ ನಳಿಗೆಯನ್ನು ಮಾಡಿರಲಿಕ್ಕಿಲ್ಲ.

ಮೇಲಿನ ಕೆತ್ತನೆ ನಂಬಬೇಡಿ. ನಳಿಗೆ ಬಿಚ್ಚಿ, ಚೇಂಬರ್ (ತೋಟಾ ಕೂರುವ ಭಾಗ) ಕೆಳಗಿನ ಚಪ್ಪಟೆ ಜಾಗ ಒರೆಸಿ, ಓರೆ ಬೆಳಕಲ್ಲಿ ನೋಡಿ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ (ಕೋವಿಯ ಬಲ ಪರೀಕ್ಷಿಸುವ ಸಂಸ್ಥೆ) ಮುದ್ರೆಗಳು ಅಲ್ಲಿರುತ್ತವೆ. ‘ಕಾರ್ಡೈಟ್’ ಎಂಬ ಪದ ಸಿಕ್ಕರೆ ಪಕ್ಕದ ಅಂಕಿಗಳನ್ನೂ ಓದಿ. ಮದ್ದಿನ ತೂಕ, ಗುಂಡಿನ ತೂಕ ಎಷ್ಟು ಬರೆದಿದೆಯೋ ಅದೇ ಆ ಕೋವಿಯ ಮೇಲ್ಮಿತಿ. ನೈಟ್ರೋ, ಕಾರ್ಡೈಟ್ ಯಾವ ಗುರುತೂ ಇಲ್ಲದಿದ್ದರೆ ಕರಿಮದ್ದಿನದ್ದೆಂದೇ ತಿಳಿಯಿರಿ. ನಳಿಗೆ ಉಕ್ಕಿನದ್ದಾದರೂ ಈ ಮಾತು ಬದಲಾಗದು. ಮುದ್ರೆ ಹೇಳುವುದು ಅಂದಿನ ಸ್ಥಿತಿ. ಒಳಗೆ ತುಕ್ಕು ತಿಂದಿದೆಯೇ, ಕೀಲು ಸಡಿಲವಾಗಿದೆಯೇ ಎಂಬುದನ್ನು ಇಂಥ ಕೋವಿ ಬಲ್ಲ ಗನ್‌ಸ್ಮಿತ್ ಕೈಯಲ್ಲಿಟ್ಟು ನೋಡಬೇಕು. ಚೇಂಬರ್ ಅಚ್ಚು ತೆಗೆಸಿ, ನಳಿಗೆಯ ಒಳ ಅಳತೆಯನ್ನೂ ಹಿಡಿಸಿ. ಹಳೇ ಕೋವಿಗಳಲ್ಲಿ ಅದು ಒಂದೊಂದರಲ್ಲಿ ಒಂದೊಂದು ಥರ.

ಇನ್ನೊಬ್ಬರು: ಕರಿಮದ್ದು ಸಿಗದಿದ್ದರೆ ಅಷ್ಟೇ ತೂಕದ ಹೊಗೆರಹಿತ ಮದ್ದು ತುಂಬಬಹುದಾ? ‘ನೈಟ್ರೋ ಫಾರ್ ಬ್ಲ್ಯಾಕ್’ ಅಂತಲೂ ಕೇಳಿದ್ದೇನೆ.

ಉತ್ತರ: ತೂಕಕ್ಕೆ ತೂಕ, ಅಳತೆಗೆ ಅಳತೆ ಹಾಕಿದರೆ ನಳಿಗೆ ಸೀಳಿ ಬೆರಳು ಹೋಗುತ್ತದೆ. ಖಂಡಿತ ಬೇಡ. ನೈಟ್ರೋ ಫಾರ್ ಬ್ಲ್ಯಾಕ್ ಬೇರೆ. ಒತ್ತಡ ಕರಿಮದ್ದಿನ ಮಟ್ಟ ದಾಟದಂತೆ ಕಡಿಮೆ ಕಾರ್ಡೈಟ್ ತುಂಬಿ ಕಾರ್ಖಾನೆಯವರೇ ಮಾಡುತ್ತಿದ್ದ ತೋಟಾ ಅದು. ಅಂದಾಜಿನ ಮೇಲೆ ಮನೆಯಲ್ಲಿ ಮಾಡುವ ಕೆಲಸವಲ್ಲ. ಅಷ್ಟು ದೊಡ್ಡ ಕೇಸಿನಲ್ಲಿ ಸ್ವಲ್ಪವೇ ಮದ್ದು ಅತ್ತಿತ್ತ ಹರಿದಾಡಿದರೆ ಒಂದು ಗುಂಡಿನ ಒತ್ತಡ ಇನ್ನೊಂದಕ್ಕಿರುವುದಿಲ್ಲ. ಒತ್ತಡ ಅಳೆದು ಪ್ರಕಟಿಸಿದ ಲೋಡ್ (ಮದ್ದು, ಗುಂಡಿನ ನಿಗದಿತ ಪ್ರಮಾಣ) ಮಾತ್ರ ಬಳಸಿ. ಗುಂಡು ಮೆದು ಸೀಸದ್ದಿರಲಿ. ಇಡೀ ತಾಮ್ರದ ಗಟ್ಟಿ ಗುಂಡು ಈ ತೆಳು ನಳಿಗೆಗಳಿಗೆ ಸಲ್ಲದು.

ಮೊದಲ ಪ್ರಶ್ನೆಯವರು: ಸರಿಯಾದ ಲೋಡ್ ಸಿಕ್ಕಿತು ಅಂತ ಗೊತ್ತಾಗುವುದು ಹೇಗೆ?

ಉತ್ತರ: ಒತ್ತಡದ ಪ್ರಶ್ನೆ ಮುಗಿದ ಮೇಲೆ ಗುರಿಹಲಗೆ ನೋಡಿ. ಬಲನಳಿಗೆ ಹಾರಿಸಿದಾಗ ಕೋವಿ ಬಲಕ್ಕೂ ಮೇಲಕ್ಕೂ ಒದೆಯುತ್ತದೆ, ಎಡದ್ದು ಎಡಕ್ಕೆ. ಅದನ್ನು ಲೆಕ್ಕಕ್ಕೆ ಹಿಡಿದು, ಒಂದು ನಿರ್ದಿಷ್ಟ ತೂಕ ಮತ್ತು ವೇಗಕ್ಕೆ ಸರಿಯಾಗಿ ಎರಡೂ ನಳಿಗೆಯನ್ನು ಮೂತಿಯ ಕಡೆ ಒಳಕ್ಕೆ ಕೂಡಿಸಿರುತ್ತಾರೆ. ಗುಂಡು ನಿಧಾನವಾದರೆ ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ ಚೆದುರುತ್ತವೆ. ವೇಗ ಹೆಚ್ಚಾದರೆ ಒಂದನ್ನೊಂದು ದಾಟುತ್ತವೆ. ಚೆದುರಿದವು ಎಂದು ಮದ್ದು ಏರಿಸುತ್ತಾ ಹೋಗಿ ಪ್ರೂಫ್ ಮಿತಿ ದಾಟಬೇಡಿ. ಮಿತಿ ತಲುಪಿದರೂ ಗುಂಡುಗಳು ಕೂಡದಿದ್ದರೆ ಬೇರೆ ತೂಕದ ಗುಂಡು ಹುಡುಕಿ.