ಸಹಾಯ ಬೇಕು: ‘ವಾಚ್’ ಕ್ರಿಯಾಪದವನ್ನು ಮಕ್ಕಳಿಗೆ ವಿವರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಪ್ರೌಢಶಾಲಾ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವ ನನಗೆ ‘ವಾಚ್’ ಎಂಬ ಕ್ರಿಯಾಪದದ ವಿಷಯದಲ್ಲಿ ತಿಳಿದವರ ನೆರವು ಬೇಕಾಗಿದೆ. ‘ಸೀ’ ಎಂದರೆ ಕಣ್ಣಿಗೆ ಬೀಳುವುದು, ‘ಲುಕ್’ ಎಂದರೆ ಅತ್ತ ಕಣ್ಣು ಹಾಯಿಸುವುದು, ‘ವಾಚ್’ ಎಂದರೆ ಚಲಿಸುವ ಅಥವಾ ಬದಲಾಗುವ ಸಂಗತಿಯನ್ನು ಸ್ವಲ್ಪ ಹೊತ್ತು ಗಮನವಿಟ್ಟು ನೋಡುವುದು ಎಂಬಷ್ಟನ್ನು ಅವರು ಬೇಗ ಗ್ರಹಿಸುತ್ತಾರೆ. ಆದರೆ ಒಲೆಯ ಮೇಲಿನ ಹಾಲು ಉಕ್ಕದಂತೆ ನೋಡಿಕೊಳ್ಳುವುದಕ್ಕೂ, ‘ವಾಚ್ ಯುವರ್ ಸ್ಟೆಪ್’ ಎಂಬ ಎಚ್ಚರಿಕೆಗೂ ಅದೇ ಪದ ಬಂದಾಗ ತಡವರಿಸುತ್ತಾರೆ.

ನಿಜವಾದ ತೊಡಕಿರುವುದು ವಾಕ್ಯರಚನೆಯಲ್ಲಿ. ‘ಐ ವಾಚ್ಡ್ ಹರ್ ಕ್ರಾಸ್ ದ ರೋಡ್’ ಎಂದರೆ ಆಕೆ ರಸ್ತೆ ದಾಟಿ ಮುಗಿಸುವವರೆಗೂ ನೋಡಿದೆನೆಂದು ಅರ್ಥ. ‘ಕ್ರಾಸಿಂಗ್’ ಎಂದರೆ ದಾಟುತ್ತಿದ್ದುದನ್ನು ನೋಡಿದೆ ಎಂದಷ್ಟೇ, ದಾಟಿ ಮುಗಿಯಿತೋ ಇಲ್ಲವೋ ಅದು ಹೇಳುವುದಿಲ್ಲ. ಇನ್ನು ‘ಶಿ ವಾಸ್ ಸೀನ್ ಟು ಕ್ರಾಸ್’ (ಆಕೆ ದಾಟಿದ್ದು ಕಾಣಲ್ಪಟ್ಟಿತು) ಸರಿಯಾದರೂ ಅದೇ ಕರ್ಮಣಿ ರಚನೆಯಲ್ಲಿ ‘ವಾಚ್ಡ್’ ಬಳಸುವಂತಿಲ್ಲ. (ಪರೀಕ್ಷೆಯಲ್ಲಿ ಕೇಳಲಾರರೆಂದು ಇದನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.)

ಈ ವ್ಯತ್ಯಾಸಗಳು ಮನಸ್ಸಿಗೆ ನಾಟುವಂತಹ ಸರಳ ಅಭ್ಯಾಸವಾಕ್ಯಗಳಾಗಲಿ, ತರಗತಿಯಲ್ಲೇ ಮಾಡಿಸಬಹುದಾದ ಚಟುವಟಿಕೆಗಳಾಗಲಿ ನಿಮ್ಮಲ್ಲಿದ್ದರೆ ದಯವಿಟ್ಟು ಹಂಚಿಕೊಳ್ಳಿ. ‘ವಾಚ್ ಔಟ್’ (ಎಚ್ಚರವಾಗಿರು) ಮತ್ತು ‘ವಾಚ್ ಓವರ್’ (ಕಾವಲಿದ್ದು ನೋಡಿಕೊಳ್ಳುವುದು) ಇವುಗಳಿಗೂ ಹಳ್ಳಿಯ ಮಕ್ಕಳಿಗೆ ಒಗ್ಗುವ ಒಂದೆರಡು ಉದಾಹರಣೆ ಸಿಕ್ಕರೆ ತುಂಬ ಅನುಕೂಲವಾಗುತ್ತದೆ.